ಸಿಸ್ಟರ್ ಎಣಿಸುವ ಇಪ್ಪತ್ತೊಂದು ಹನಿ

ರಾತ್ರಿ ಡ್ಯೂಟಿಯ ಸಿಸ್ಟರ್ ಡ್ರಿಪ್ಸ್ ಬಾಟಲಿಯ ಕೆಳಗೆ ನಿಂತು, ಒಂದು ಕಣ್ಣು ಗಡಿಯಾರದ ಮೇಲಿಟ್ಟು, ಹನಿ ಎಣಿಸುತ್ತಾರೆ. ಅರ್ಧ ನಿಮಿಷಕ್ಕೆ 21. ಪೈಪಿನ ಮೇಲಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ತಿರುಗಿಸಿ ಮುಂದಿನ ಹಾಸಿಗೆಗೆ ನಡೆಯುತ್ತಾರೆ. ಸಾಮಾನ್ಯ ಡ್ರಿಪ್ಸ್ ಸೆಟ್ಟಿನಲ್ಲಿ 20 ಹನಿ ಸೇರಿದರೆ 1 ಮಿಲಿಲೀಟರ್. ಹಾಗಾದರೆ ಒಂದು ಲೀಟರ್ ಸಲೈನ್ ಎಂದರೆ 20,000 ಹನಿ! ಅಷ್ಟೂ ಎಂಟು ಗಂಟೆಯಲ್ಲಿ ಇಳಿಯಬೇಕು. ನಡುನಡುವೆ ಬಂದು ನೋಡುತ್ತಾರೆ ನಿಜ, ಆದರೆ ಆಗ ಎಣಿಸಿದ್ದು 21; ಉಳಿದ 19,979 ಹನಿಗಳಿಗೂ ಆ ಹೆಬ್ಬೆರಳೇ ದಿಕ್ಕು.

ಇನ್ನು ನಾಡಿ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ಎಣಿಸಿ ಚಾರ್ಟಿನಲ್ಲಿ 72 ಎಂದು ಬರೆಯುತ್ತಾರೆ. ಎರಡೇ ಅಂಕಿ. ಅದನ್ನೇ ದಿನಕ್ಕೆ ಹಿಗ್ಗಿಸಿ: 1,03,680. ದೇವಸ್ಥಾನದಲ್ಲಿ ಲಕ್ಷಾರ್ಚನೆ ಎಂದರೆ ಪುರೋಹಿತರ ಸಾಲೇ ಕೂರಬೇಕು. ಎದೆಯೊಳಗಿನ ಮುಷ್ಟಿಗಾತ್ರದ ಅರ್ಚಕ ಒಬ್ಬನೇ ದಿನಕ್ಕೊಂದು ಲಕ್ಷಾರ್ಚನೆ ಮುಗಿಸಿ, ಸಾಲದೆಂದು ಇನ್ನೂ 3,680 ಸಲ ಬಡಿಯುತ್ತಾನೆ. ಎಪ್ಪತ್ತು ವರ್ಷಕ್ಕೆ ಸುಮಾರು 265 ಕೋಟಿ! ನಿಮಿಷಕ್ಕೆ 5 ಲೀಟರಿನಂತೆ ದಿನಕ್ಕೆ ತಳ್ಳುವ ರಕ್ತ 7,200 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನವರು ಫೋನ್ ಮಾಡಿ ಮಾಡಿ ಕಾಯುತ್ತಾರಲ್ಲ, ಆ 6,000 ಲೀಟರಿನ ನೀರಿನ ಟ್ಯಾಂಕರ್ ತುಂಬಿ ಚೆಲ್ಲುವಷ್ಟು. ಅದೂ ಮೈಯಲ್ಲಿರುವ ಐದೇ ಲೀಟರನ್ನು ಸುತ್ತಿಸಿ ಸುತ್ತಿಸಿ!

ಇಷ್ಟಕ್ಕೇ ಬೆರಗಾಗಬೇಡಿ. ಕೈ ತೊಳೆಯದೆ ಬಿಟ್ಟರೆ ಏನಾದೀತು ಎಂಬ ಲೆಕ್ಕ ಇನ್ನೂ ಇದೆ. ಕೆಲವು ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಇಮ್ಮಡಿಯಾಗುತ್ತವೆ. ಡ್ಯೂಟಿ ಶುರುವಾಗುವಾಗ ಒಂದೇ ಒಂದು ಇದ್ದರೆ, ಎಂಟು ಗಂಟೆ ಕಳೆದು ಡ್ಯೂಟಿ ಮುಗಿಯುವಾಗ 1,67,77,216! ಮೂರು ಪಾಳಿ ಮುಗಿಯುವ ಹೊತ್ತಿಗೆ 4ರ ಮುಂದೆ 21 ಅಂಕಿ ಬರುವ ಸಂಖ್ಯೆ. ತೂಕ? ಸುಮಾರು 4,700 ಟನ್. ದಸರಾ ಆನೆಯೊಂದಕ್ಕೆ 5 ಟನ್ ಹಿಡಿದರೆ 940 ಆನೆ. ವರ್ಷಕ್ಕೆ 14 ಆನೆ ಹೊರಟರೆ 67 ವರ್ಷದ ಜಂಬೂಸವಾರಿ, ಒಂದೇ ದಿನದಲ್ಲಿ! ಪುಣ್ಯಕ್ಕೆ ಅವಕ್ಕೆ ಅಷ್ಟು ಊಟ ಎಲ್ಲೂ ಸಿಗುವುದಿಲ್ಲ.

ಈ ಆನೆಹಿಂಡನ್ನು ತಡೆಯುವುದು 40ರಿಂದ 60 ಸೆಕೆಂಡು, ಸೋಪು, ನೀರು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯ ಒಂದು ಹೆರಿಗೆ ವಾರ್ಡಿನಲ್ಲಿ ಏಪ್ರಿಲ್ ತಿಂಗಳು ನೂರಕ್ಕೆ 18 ಬಾಣಂತಿಯರು ಸತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬನ್ನಿ ಎಂದು ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಉಳಿದ ಡಾಕ್ಟರರ ಹಿಂದೆ ಬಿದ್ದರು. ಜುಲೈ ಹೊತ್ತಿಗೆ ಅದು ನೂರಕ್ಕೆ ಒಂದರ ಆಸುಪಾಸು!

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ಕ್ಕೆ ಭೂಮಿಯ ಮೇಲೆ 2.98 ಕೋಟಿ ನರ್ಸುಗಳಿದ್ದರು. ಎಲ್ಲರೂ ಕೈ ಕೈ ಹಿಡಿದು ನಿಂತರೆ, ತಲಾ ಒಂದೂವರೆ ಮೀಟರಿನಂತೆ 44,700 ಕಿಲೋಮೀಟರ್. 40,075 ಕಿಲೋಮೀಟರಿನ ಭೂಮಧ್ಯರೇಖೆಯನ್ನು ಸುತ್ತಿ, ಮಿಕ್ಕವರನ್ನು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಿಲ್ಲಿಸಿದರೂ ಇನ್ನೂ ಸಾಲು ಉಳಿಯುತ್ತದೆ. ಆದರೆ ಒಬ್ಬರ ಕೈ ಒಬ್ಬರು ಮುಟ್ಟಿದ ಮೇಲೆ ಸುಮ್ಮನಿರುವ ಜಾತಿಯೇ ಅವರು? ಎಲ್ಲರೂ ಮತ್ತೆ ಕೈ ತೊಳೆಯುತ್ತಾರೆ. ಒಂದೇ ನಲ್ಲಿ, ತಲಾ 40 ಸೆಕೆಂಡು: ಕೊನೆಯವರ ಸರದಿ ಬರುವ ಹೊತ್ತಿಗೆ 38 ವರ್ಷ.