ಮೀನಖಂಡ ಹಿಡ್ಕೊಂಡ್ರೆ ತಪ್ಪು ಉಪ್ಪಿನದ್ದಾ?

ಹೋದ ವರ್ಷ ಬೆಂಗಳೂರಿನ ಒಂದು ಹಾಫ್ ಮ್ಯಾರಥಾನ್‌ನಲ್ಲಿ 15ನೇ ಕಿಲೋಮೀಟರ್ ಹತ್ರ ನನ್ನ ಬಲಗಾಲಿನ ಮೀನಖಂಡ ಕಲ್ಲಿನ ಥರ ಗಟ್ಟಿಯಾಯ್ತು. ರಸ್ತೆ ಪಕ್ಕದಲ್ಲೇ ಕೂತುಬಿಟ್ಟೆ. ಹಿಂದಿನಿಂದ ಬಂದ ಅಂಕಲ್ ಒಬ್ಬರು "ಉಪ್ಪು ಕಮ್ಮಿ ಆಗಿದೆ ಕಣಪ್ಪ, ಓಆರ್‌ಎಸ್ ಕುಡಿ" ಅಂದು ಮುಂದೆ ಓಡಿದ್ರು. ಸರಿ ಅಂತ, ಮೂರು ತಿಂಗಳ ನಂತರದ ರೇಸಿಗೆ ಓಆರ್‌ಎಸ್, ಬಾಳೆಹಣ್ಣು, ಉಪ್ಪು ಹಾಕಿದ ನಿಂಬೆ ಪಾನಕ ಎಲ್ಲಾ ಮುಗಿಸಿಯೇ ಹೊರಟೆ. 16ನೇ ಕಿಲೋಮೀಟರಿಗೆ ಮತ್ತೆ ಅದೇ ಕಾಲು, ಅದೇ ಜಾಗ! ಆ ಸಿಟ್ಟಿನಲ್ಲಿ ಓದೋಕೆ ಶುರು ಮಾಡಿದೆ. ಓಡೋರು, ಸೈಕಲ್ ಹೊಡೆಯೋರು, ಫುಟ್‌ಬಾಲ್ ಆಡೋರು ನಮ್ಮಲ್ಲಿ ತುಂಬಾ ಜನ ಇದ್ದೀರಲ್ಲ, ನಿಮಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೀತಿದ್ದೀನಿ.

ಉಪ್ಪಿನ ಕಥೆ ಎಲ್ಲಿಂದ ಬಂತು?

ಸುಮಾರು ನೂರು ವರ್ಷಗಳ ಹಿಂದೆ ಕಲ್ಲಿದ್ದಲು ಗಣಿಗಳಲ್ಲಿ, ಹಡಗುಗಳ ಬಾಯ್ಲರ್ ಮುಂದೆ ಕೆಲಸ ಮಾಡುವವರಿಗೆ ಬೆವರು ಸುರಿದು ಸುರಿದು ಜೋರು ಕ್ರ್ಯಾಂಪ್ ಬರುತ್ತಿತ್ತು. ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಕಡಿಮೆ ಆಗುತ್ತಿತ್ತು. ಇದು ಸುಳ್ಳಲ್ಲ. ಬಿಸಿಲಲ್ಲಿ ಗಂಟೆಗಟ್ಟಲೆ ಬೆವರುವವರಿಗೆ ಈಗಲೂ ಉಪ್ಪು ಬೇಕು.

ಆದರೆ ಒಂದು ಪ್ರಶ್ನೆ ಇದೆ. ರಕ್ತ ಇಡೀ ದೇಹಕ್ಕೆ ಹರಿಯುತ್ತೆ. ಉಪ್ಪು ಕಮ್ಮಿ ಆಗೋದೇ ಕಾರಣ ಅಂದ್ರೆ ಕೈ, ಹೊಟ್ಟೆ, ಎಡಗಾಲು ಎಲ್ಲಾ ಹಿಡ್ಕೋಬೇಕಲ್ವಾ? ದಣಿದ ಮೀನಖಂಡ ಮಾತ್ರ ಯಾಕೆ? 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 210 ಐರನ್‌ಮ್ಯಾನ್ ಸ್ಪರ್ಧಿಗಳನ್ನು ಪರೀಕ್ಷಿಸಿದ್ದರು. ಕ್ರ್ಯಾಂಪ್ ಬಂದವರಿಗೂ ಬರದವರಿಗೂ ರಕ್ತದ ಸೋಡಿಯಂನಲ್ಲಾಗಲೀ ನೀರಿನಂಶದಲ್ಲಾಗಲೀ ಕ್ರ್ಯಾಂಪಿಗೆ ಕಾರಣ ಅನ್ನಬಹುದಾದ ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ್ದು ಬೇರೆ ಎರಡು ವಿಷಯ: ಹೆಚ್ಚು ವೇಗವಾಗಿ ಹೋದವರಿಗೆ ಮತ್ತು ಹಿಂದೆಯೂ ಕ್ರ್ಯಾಂಪ್ ಬಂದಿದ್ದವರಿಗೆ ಇದು ಜಾಸ್ತಿ.

ಇದೊಂದು ಕಂಟ್ರೋಲ್ ಸಿಸ್ಟಮ್

ಈಗ ನಮ್ಮ ಭಾಷೆಗೆ ಬರೋಣ. ನಿಮ್ಮ ಸ್ನಾಯುವಿನಲ್ಲಿ ಎರಡು ಸೆನ್ಸರ್ ಇವೆ. ಮಸಲ್ ಸ್ಪಿಂಡಲ್ ಅನ್ನೋದು ಸ್ನಾಯು ಎಷ್ಟು ಉದ್ದ ಆಯ್ತು ಅಂತ ನೋಡಿ "ಬಿಗಿ ಮಾಡು" ಅನ್ನುತ್ತೆ. ಗಾಲ್ಜಿ ಟೆಂಡನ್ ಆರ್ಗನ್ ಅನ್ನೋದು ಸ್ನಾಯು ಟೆಂಡನ್‌ಗೆ ಸೇರುವ ಕಡೆ ಕೂತು, ಎಳೆತ ಜಾಸ್ತಿ ಆದಾಗ "ಸಾಕು, ಬಿಡು" ಅನ್ನುತ್ತೆ. ಎರಡೂ ಸಂದೇಶ ಬೆನ್ನುಹುರಿಯ ಮೋಟಾರ್ ನ್ಯೂರಾನ್‌ಗೆ ಹೋಗುತ್ತವೆ. ಸ್ನಾಯು ತುಂಬಾ ದಣಿದಾಗ ಮೊದಲನೇ ಸಿಗ್ನಲ್ ಏರುತ್ತೆ, ಎರಡನೇದು ಇಳಿಯುತ್ತೆ. ಅಂದ್ರೆ ನೆಗೆಟಿವ್ ಫೀಡ್‌ಬ್ಯಾಕ್ ಕೈಕೊಟ್ಟ ಲೂಪ್. ಔಟ್‌ಪುಟ್ ಏನಾಗುತ್ತೆ ಅಂತ ಸೆಕೆಂಡ್ ಇಯರ್‌ನವರಿಗೆ ಹೇಳಬೇಕಾಗಿಲ್ಲ!

ಇದಕ್ಕೇ ಸಂಶೋಧಕರು ನರ-ಸ್ನಾಯು ದಣಿವಿನ ಸಿದ್ಧಾಂತ ಅಂತಾರೆ. ಇನ್ನೂ ಚರ್ಚೆ ಮುಗಿದಿಲ್ಲ, ಆದರೆ ಇದರಿಂದ ಎರಡು ವಿಷಯ ಚೆನ್ನಾಗಿ ಅರ್ಥ ಆಗುತ್ತೆ. ಒಂದು, ಕ್ರ್ಯಾಂಪ್ ಬಂದಾಗ ಕಾಲು ಚಾಚಿ ಎಳೆದರೆ ಸಾಮಾನ್ಯವಾಗಿ ಬಿಡುತ್ತೆ. ಎಳೆದಾಗ ರಕ್ತಕ್ಕೆ ಉಪ್ಪು ಬರಲ್ಲ, ಎರಡನೇ ಸೆನ್ಸರ್ ಎಚ್ಚರ ಆಗುತ್ತೆ ಅಷ್ಟೇ. ಇನ್ನೊಂದು, 2010ರ ಒಂದು ಪ್ರಯೋಗದಲ್ಲಿ ವಿನೆಗರ್‌ನಲ್ಲಿ ನೆನೆಸಿದ ಸೌತೆಕಾಯಿ ಉಪ್ಪಿನಕಾಯಿಯ ರಸ ಕುಡಿದವರಿಗೆ ಸುಮಾರು ಒಂದೂವರೆ ನಿಮಿಷದಲ್ಲೇ ಕ್ರ್ಯಾಂಪ್ ಬಿಟ್ಟಿತು. ಅಷ್ಟರಲ್ಲಿ ಉಪ್ಪು ರಕ್ತ ಸೇರೋಕೆ ಸಾಧ್ಯವೇ ಇಲ್ಲ. ಆ ಹುಳಿ ಗಂಟಲಿನ ನರಗಳನ್ನು ಕೆರಳಿಸಿ ಮೋಟಾರ್ ನ್ಯೂರಾನ್ ಅನ್ನು ಸುಮ್ಮನಾಗಿಸುತ್ತೆ ಅನ್ನೋದು ಅವರ ಊಹೆ. (ಮೆಸ್ಸಿನ ಮಾವಿನಕಾಯಿ ಉಪ್ಪಿನಕಾಯಿ ಮೇಲೆ ಯಾರೂ ಪ್ರಯೋಗ ಮಾಡಬೇಡಿ, ಪ್ಲೀಸ್.)

ಹಾಗಾದ್ರೆ ಏನ್ ಮಾಡ್ಬೇಕು?

ಬಂದ ತಕ್ಷಣ: ನಿಲ್ಲಿ. ಮಂಡಿ ನೇರ ಇಟ್ಟು ಪಾದದ ಬೆರಳುಗಳನ್ನು ನಿಮ್ಮ ಕಡೆ ನಿಧಾನವಾಗಿ ಎಳೆದು, ಬಿಗಿತ ಬಿಡೋವರೆಗೂ ಹಿಡಿದುಕೊಳ್ಳಿ. ಜರ್ಕ್ ಕೊಡಬೇಡಿ. ಆಮೇಲೆ ಸ್ವಲ್ಪ ದೂರ ನಡೀರಿ.

ವೇಗ: ನನ್ನ ನಿಜವಾದ ತಪ್ಪು ಇಲ್ಲೇ ಇತ್ತು. ಪ್ರಾಕ್ಟೀಸ್‌ನಲ್ಲಿ ನಾನು ಓಡಿದ್ದು ಹೆಚ್ಚೆಂದರೆ 12 ಕಿಲೋಮೀಟರ್, ಅದೂ ಕಿಲೋಮೀಟರಿಗೆ ಆರೂವರೆ ನಿಮಿಷದ ಲೆಕ್ಕದಲ್ಲಿ. ರೇಸ್ ದಿನ ಜನರನ್ನು ನೋಡಿ ಹುರುಪಲ್ಲಿ ಐದೂಮುಕ್ಕಾಲಕ್ಕೆ ಓಡಿದೆ. ಕಾಲಿಗೆ ಗೊತ್ತೇ ಇಲ್ಲದ ಲೋಡ್ ಕೊಟ್ಟು ಉಪ್ಪನ್ನು ಬೈದರೆ ಹೇಗೆ?

ಶಕ್ತಿ: ಹಾಸ್ಟೆಲ್ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. 15ರಂತೆ ಮೂರು ಸಲ, ವಾರಕ್ಕೆ ಎರಡು ಮೂರು ದಿನ. ಮಂಡಿ ನೇರ ಇಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಒಮ್ಮೆ ಮಾಡಿ, ಯಾಕಂದ್ರೆ ಮೀನಖಂಡದಲ್ಲಿ ಮುಖ್ಯವಾಗಿ ಇರೋದು ಎರಡು ಸ್ನಾಯು.

ನೀರು: ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿ. ಒಂದು ಕೆಜಿ ಇಳಿದಿದ್ರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ. ತೂಕ ಏರಿದ್ರೆ ಅತಿಯಾಗಿ ಕುಡಿದಿದ್ದೀರಿ, ಅದೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ 13 ಪರ್ಸೆಂಟ್ ಜನರಿಗೆ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು, ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಜಾಸ್ತಿ.

ಡಾಕ್ಟರ್: ಒಂದೇ ಕಾಲು ಊದಿ ಬಿಸಿಯಾಗಿದ್ದರೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ತೋರಿಸಿ. ಪ್ರತಿ ಸಲ ಒಂದೇ ದೂರಕ್ಕೆ ನೋವು ಶುರುವಾಗಿ ನಿಂತ ತಕ್ಷಣ ಹೋಗುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಅದು ಕ್ರ್ಯಾಂಪ್ ಅಲ್ಲದೇ ರಕ್ತನಾಳದ್ದೋ ಸ್ನಾಯುವಿನೊಳಗಿನ ಒತ್ತಡದ್ದೋ ಸಮಸ್ಯೆ ಇರಬಹುದು. ಅದಕ್ಕೆ ಓಆರ್‌ಎಸ್ ಪರಿಹಾರ ಅಲ್ಲ.

ನಾಲ್ಕು ತಿಂಗಳು ಹೀಗೆ ಮಾಡಿ ಮೂರನೇ ರೇಸ್ ಓಡಿದೆ. 19ನೇ ಕಿಲೋಮೀಟರಲ್ಲಿ ಮೀನಖಂಡ ಸಣ್ಣಗೆ ಮಿಡಿಯೋಕೆ ಶುರುವಾಯ್ತು. ವೇಗ ತಗ್ಗಿಸಿದೆ, ಒಮ್ಮೆ ನಿಂತು ಎಳೆದೆ, ಮುಗಿಸಿದೆ. ಟೈಮಿಂಗ್ ಕೇಳಬೇಡಿ.

ಮನೆಗೆ ಹೋದಾಗ ಅಜ್ಜಿಗೆ ಇದನ್ನೆಲ್ಲಾ ವಿವರಿಸಿದೆ. ಪೂರ್ತಿ ಕೇಳಿ ಅವರು ಅಂದದ್ದು ಇಷ್ಟೇ: "ನರ ಹಿಡ್ಕೊಂಡಿದೆ ಅಂತ ನಾನು ಅವತ್ತೇ ಹೇಳ್ಲಿಲ್ವೇನೋ?"