ನಮ್ಮ ಲ್ಯಾಬಿಗೊಂದು ಕಾವಲು, ಒಂದು ದೂರು ಪುಸ್ತಕ

ಕಳೆದ ವರ್ಷ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಕೊನೆಯ ವಾರ. ಲ್ಯಾಬಿನ ಹಿಂದಿನ ಸಾಲಿನ ಆರು ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಮುಂದಿನ ಸಾಲಿನಲ್ಲಿ ಸರದಿ ಕಾದು ಸಾಕಾಗಿ ಕೆಲವರು ಅರಕಲಗೂಡಿನ ಬಸ್ಸು ಹತ್ತಿ ಸೈಬರ್ ಸೆಂಟರಿಗೆ ಹೋದರು. ಒಬ್ಬ ವಿದ್ಯಾರ್ಥಿಯ ಅರ್ಜಿ ಕೊನೆಗೂ ಹೋಗಲಿಲ್ಲ.

ಸಂಜೆ ಹುಡುಕಿ ನೋಡಿದರೆ, ಹಿಂದಿನ ಸಾಲಿಗೆ ಕೊಟ್ಟಿದ್ದ ಚಿಕ್ಕ ಸ್ವಿಚ್ಚಿನ ಅಡಾಪ್ಟರ್ ಪ್ಲಗ್ಗಿನಲ್ಲಿ ಸಡಿಲವಾಗಿತ್ತು. ಸರಿಪಡಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. "ಸರ್, ನಾನು ಸೋಮವಾರವೇ ಹೇಳಿದ್ದೆ" ಎಂದ ದ್ವಿತೀಯ ಪಿಯುಸಿಯ ಒಬ್ಬ ಹುಡುಗ. ನಿಜ, ವರಾಂಡದಲ್ಲಿ ಎದುರಾದಾಗ ಹೇಳಿದ್ದ. "ಆಯ್ತು, ನೋಡ್ತೀನಿ" ಎಂದಿದ್ದೆ. ಆಮೇಲೆ ಮರೆತೆ. ತಪ್ಪು ನನ್ನದೇ.

ಆ ದಿನದಿಂದ ಎರಡು ಪ್ರಶ್ನೆಗಳು ನನ್ನನ್ನು ಕಾಡುತ್ತಿವೆ. ಕೆಟ್ಟದ್ದು ಯಾರಾದರೂ ಹೇಳುವ ಮೊದಲೇ ನಮಗೆ ಗೊತ್ತಾಗುವುದು ಹೇಗೆ? ಹೇಳಿದ ಮೇಲೆ ಅದು ಮರೆತುಹೋಗದಂತೆ ಉಳಿಯುವುದು ಹೇಗೆ? ಮೊದಲನೆಯದಕ್ಕೆ ಉತ್ತರ ನೆಟ್‌ವರ್ಕ್ ಮಾನಿಟರಿಂಗ್ ತಂತ್ರಾಂಶ. ಎರಡನೆಯದಕ್ಕೆ ಉತ್ತರ ಹೆಲ್ಪ್ ಡೆಸ್ಕ್ ತಂತ್ರಾಂಶ. ಎರಡೂ ಉಚಿತವಾಗಿ ಸಿಗುತ್ತವೆ. ಹೊಸ ಸರ್ವರ್ ಕೊಳ್ಳದೆ ಲ್ಯಾಬಿನ ಒಂದೇ ಕಂಪ್ಯೂಟರಿನೊಳಗೆ ಎರಡನ್ನೂ ನಡೆಸಬಹುದು. ಹೇಗೆಂದು ಈ ಲೇಖನದಲ್ಲಿ ನೋಡೋಣ.

ನಾಡಕಚೇರಿಯ ಚೀಟಿ

ಹೆಲ್ಪ್ ಡೆಸ್ಕ್ ಎಂಬುದು ನಮಗೆ ಹೊಸತೇನಲ್ಲ. ಆದಾಯ ಅಥವಾ ಜಾತಿ ಪ್ರಮಾಣಪತ್ರಕ್ಕೆ ನೀವು ನಾಡಕಚೇರಿಗೆ ಹೋಗಿರುತ್ತೀರಿ. ಅರ್ಜಿ ಕೊಟ್ಟಾಗ ಒಂದು ಸ್ವೀಕೃತಿ ಚೀಟಿ ಕೊಡುತ್ತಾರೆ. ಅದರ ಮೇಲೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಇದು ಸಕಾಲ ಯೋಜನೆಯ ಸಂಖ್ಯೆ. 2011ರ ಕಾಯ್ದೆಯಂತೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಸಕಾಲ ಜಾರಿಗೆ ಬಂತು. ಪ್ರತಿ ಸೇವೆಗೂ ಇಷ್ಟು ದಿನ ಎಂಬ ಗಡುವು, ಯಾರು ಮಾಡಬೇಕು ಎಂಬ ಅಧಿಕಾರಿ, ಆಗದಿದ್ದರೆ ಯಾರಿಗೆ ಮೇಲ್ಮನವಿ ಎಂಬ ದಾರಿ, ಇವಿಷ್ಟೂ ಮೊದಲೇ ಗೊತ್ತಿರುತ್ತವೆ. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ.

ಹೆಲ್ಪ್ ಡೆಸ್ಕಿನ 'ಟಿಕೆಟ್' ಎಂದರೆ ಇಷ್ಟೇ. ದೂರಿಗೆ ಒಂದು ಸಂಖ್ಯೆ, ಒಂದು ದಿನಾಂಕ, ಒಬ್ಬ ಹೊಣೆಗಾರ, ಒಂದು ಗಡುವು. ವರಾಂಡದಲ್ಲಿ ಬಾಯಿಮಾತಿನಲ್ಲಿ ಹೇಳಿದ ದೂರಿಗೆ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ. ಅದಕ್ಕೇ ಅದು ಕಳೆದುಹೋಗುತ್ತದೆ.

ಒಂದು ಕಂಪ್ಯೂಟರಿನೊಳಗೆ ಮತ್ತೆರಡು

ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಒಂದು ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಟ್ಟಂತೆ ಎಂದುಕೊಳ್ಳಿ. ನೀರು, ಕರೆಂಟು ಒಂದೇ ಕಡೆಯಿಂದ ಬಂದರೂ ಬಾಡಿಗೆಯವರ ಬಾಗಿಲು ಬೇರೆ, ಬೀಗ ಬೇರೆ. ಅವರ ಮನೆಯಲ್ಲಿ ಏನು ಒಡೆದರೂ ಮಾಲೀಕರ ಪಾತ್ರೆಗೆ ಏನೂ ಆಗುವುದಿಲ್ಲ. ನಿಜವಾದ ಕಂಪ್ಯೂಟರನ್ನು ಹೋಸ್ಟ್ ಎನ್ನುತ್ತಾರೆ, ಒಳಗಿನದನ್ನು ಗೆಸ್ಟ್ ಎನ್ನುತ್ತಾರೆ. ಯಾರಿಗೆ ಎಷ್ಟು ಮೆಮೊರಿ, ಎಷ್ಟು ಡಿಸ್ಕ್ ಎಂದು ಹಂಚುವ ತಂತ್ರಾಂಶವೇ ಹೈಪರ್‌ವೈಸರ್.

ಈ ವಿಚಾರ ಹಳೆಯದು. ಐಬಿಎಂ ಕಂಪನಿ 1960ರ ದಶಕದಲ್ಲೇ ದೊಡ್ಡ ಕಂಪ್ಯೂಟರ್‌ಗಳಲ್ಲಿ ಇದನ್ನು ಮಾಡಿ ತೋರಿಸಿತು. ನಮಗೆ ಸುಲಭವಾಗಿ ಸಿಗುವುದು ವರ್ಚುವಲ್‌ಬಾಕ್ಸ್. ಇದು 2007ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು, ಈಗ ಒರಾಕಲ್ ಕಂಪನಿಯ ಬಳಿ ಇದೆ.

ಕಲಿಯುವವರಿಗೆ ಇದರ ದೊಡ್ಡ ಉಪಕಾರ 'ಸ್ನ್ಯಾಪ್‌ಶಾಟ್'. ಗೆಸ್ಟ್ ಈಗ ಇರುವ ಸ್ಥಿತಿಯನ್ನು ಉಳಿಸಿಟ್ಟು ಏನು ಬೇಕಾದರೂ ಪ್ರಯೋಗ ಮಾಡಬಹುದು. ಕೆಟ್ಟರೆ ಹಳೆಯ ಸ್ಥಿತಿಗೆ ಮರಳಬಹುದು. ತಪ್ಪು ಮಾಡಲು ಹೆದರಬೇಕಿಲ್ಲ.

ಸಿದ್ಧತೆ

8 ಜಿಬಿ ರ್‍ಯಾಮ್ ಇರುವ ಒಂದು ಕಂಪ್ಯೂಟರ್ ಸಾಕು. ಎರಡು ಗೆಸ್ಟ್‌ಗಳಿಗೆ ತಲಾ 2 ಜಿಬಿ ಕೊಟ್ಟರೆ ಹೋಸ್ಟಿಗೆ 4 ಜಿಬಿ ಉಳಿಯುತ್ತದೆ. ಕ್ರಮ ಹೀಗಿರಲಿ.

1. ಬಯಾಸ್ ಸೆಟ್ಟಿಂಗಿನಲ್ಲಿ ವರ್ಚುವಲೈಸೇಷನ್ ಆನ್ ಆಗಿದೆಯೇ ನೋಡಿ. ಇಂಟೆಲ್ ಪ್ರೊಸೆಸರಿನಲ್ಲಿ ಇದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ. ಇದು ಆಫ್ ಆಗಿದ್ದರೆ ಗೆಸ್ಟ್ ಶುರುವಾಗದೆ ತಕರಾರು ಬರುತ್ತದೆ.

2. ವರ್ಚುವಲ್‌ಬಾಕ್ಸ್ ಹಾಕಿ ಎರಡು ಗೆಸ್ಟ್ ಮಾಡಿ. ಎರಡಕ್ಕೂ ಉಬುಂಟು ಸರ್ವರ್ ಅಥವಾ ಡೆಬಿಯನ್ ಹಾಕಿ. ಒಂದರ ಹೆಸರು 'ಕಾವಲು', ಇನ್ನೊಂದರ ಹೆಸರು 'ದೂರು' ಎಂದಿಡಿ. ನಾವು ಹಾಗೇ ಇಟ್ಟೆವು.

3. ಗೆಸ್ಟಿನ ನೆಟ್‌ವರ್ಕ್ ಸೆಟ್ಟಿಂಗ್ ಸರಿಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲೇ ಇರುವ 'ನ್ಯಾಟ್' ವಿಧಾನದಲ್ಲಿ ಗೆಸ್ಟಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ಲ್ಯಾಬಿನ ಬೇರೆ ಕಂಪ್ಯೂಟರ್‌ಗಳಿಂದ ಅದನ್ನು ತಲುಪಲಾಗದು. 'ಬ್ರಿಡ್ಜ್ಡ್' ವಿಧಾನ ಆರಿಸಿದರೆ ಗೆಸ್ಟ್ ಕೂಡ ಲ್ಯಾಬಿನ ಮತ್ತೊಂದು ಕಂಪ್ಯೂಟರಿನಂತೆ ನೆಟ್‌ವರ್ಕ್ ಸೇರುತ್ತದೆ. ನಮಗೆ ಬೇಕಾದ್ದು ಇದು. ಹೋಸ್ಟಿಗೆ ವೈಫೈ ಬದಲು ಕೇಬಲ್ ಕೊಡಿ, ತೊಂದರೆ ಕಡಿಮೆ. ಮನೆಯಲ್ಲಿ ಕಲಿಯಲಷ್ಟೇ ಆದರೆ 'ಹೋಸ್ಟ್-ಓನ್ಲಿ' ಸಾಕು.

4. ಎರಡೂ ಗೆಸ್ಟ್‌ಗಳಿಗೆ ಬದಲಾಗದ ಐಪಿ ವಿಳಾಸ ಕೊಡಿ. ದಿನಕ್ಕೊಂದು ವಿಳಾಸವಾದರೆ ದೂರು ಕೊಡುವವರು ಎಲ್ಲಿಗೆ ಬರಬೇಕು?

5. ಗಡಿಯಾರ ಸರಿಯಿರಲಿ. ಗೆಸ್ಟಿನ ಸಮಯ ತಪ್ಪಿದ್ದರೆ ನೆಟ್ ಎಷ್ಟು ಹೊತ್ತಿಗೆ ಹೋಯಿತು ಎಂಬ ದಾಖಲೆಯೂ ತಪ್ಪಾಗುತ್ತದೆ.

ಕಾವಲು ಏನು ಮಾಡುತ್ತದೆ?

ಎಲ್ಲಕ್ಕೂ ಮೂಲ 'ಪಿಂಗ್'. ಒಂದು ಕಂಪ್ಯೂಟರ್ ಇನ್ನೊಂದಕ್ಕೆ "ಇದ್ದೀಯಾ?" ಎಂದು ಕೇಳುತ್ತದೆ. ಅದು "ಇದ್ದೇನೆ" ಎನ್ನುತ್ತದೆ. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಸದ್ದಿನಿಂದ ಹೆಸರು ಬಂತು. ಮಾನಿಟರಿಂಗ್ ತಂತ್ರಾಂಶ ಇದೇ ಪ್ರಶ್ನೆಯನ್ನು ಬೇಸರವಿಲ್ಲದೆ ನಿಮಿಷಕ್ಕೊಮ್ಮೆ ಪ್ರತಿ ಸಾಧನಕ್ಕೂ ಕೇಳುತ್ತಿರುತ್ತದೆ. ಉತ್ತರ ಬರದಿದ್ದರೆ ನಮಗೆ ತಿಳಿಸುತ್ತದೆ. ಸ್ವಿಚ್, ರೂಟರ್, ಪ್ರಿಂಟರ್‌ಗಳ ಒಳಗಿನ ಸಂಗತಿ ಕೇಳಲು ಎಸ್‌ಎನ್‌ಎಂಪಿ ಎಂಬ ಭಾಷೆ ಇದೆ. ಕಂಪ್ಯೂಟರಿನ ಡಿಸ್ಕ್, ಮೆಮೊರಿ ತಿಳಿಯಲು ಅದರೊಳಗೆ 'ಏಜೆಂಟ್' ಎಂಬ ಸಣ್ಣ ತಂತ್ರಾಂಶ ಹಾಕಬೇಕು.

ಈ ಕೆಲಸಕ್ಕೆ ನಾಗಿಯೋಸ್, ಜ್ಯಾಬಿಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳಿವೆ. ನಾವು ಆರಿಸಿದ್ದು ಜ್ಯಾಬಿಕ್ಸ್. ಲಾಟ್ವಿಯಾ ದೇಶದ ಅಲೆಕ್ಸೀ ವ್ಲಾದಿಶೇವ್ ಶುರುಮಾಡಿದ ಇದು 2001ರಿಂದ ಎಲ್ಲರಿಗೂ ಸಿಗುತ್ತಿದೆ. ಎಲ್ಲ ಸೆಟ್ಟಿಂಗನ್ನೂ ಬ್ರೌಸರಿನಲ್ಲೇ ಮಾಡಬಹುದಾದ್ದರಿಂದ ಹೊಸಬರಿಗೆ ಸುಲಭ. ಹಾಕಿದ ತಕ್ಷಣ ಮೊದಲ ಪಾಸ್‌ವರ್ಡ್ ಬದಲಿಸಿ. ಅದು ಲೋಕಕ್ಕೆಲ್ಲ ಗೊತ್ತಿರುವ ಪಾಸ್‌ವರ್ಡ್.

ನಾವು ಕಲಿತ ಮೂರು ಪಾಠಗಳು ಹೀಗಿವೆ.

ಮೊದಲನೆಯದು: ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರ್‌ಗಳನ್ನೂ ಜ್ಯಾಬಿಕ್ಸ್ 'ಸತ್ತಿವೆ' ಎಂದು ತೋರಿಸಿತು. ಕಾರಣ, ವಿಂಡೋಸ್ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡಲು ಬಿಟ್ಟಿರಲಿಲ್ಲ. ಅನುಮತಿ ಕೊಟ್ಟ ಮೇಲೆ ಸರಿಹೋಯಿತು. ಉತ್ತರ ಬಾರದಿದ್ದ ಮಾತ್ರಕ್ಕೆ ಕೆಟ್ಟಿದೆ ಎಂದು ಅರ್ಥವಲ್ಲ.

ಎರಡನೆಯದು: ಒಂದು ಸಲ ಉತ್ತರ ತಪ್ಪಿದ ಮಾತ್ರಕ್ಕೆ ಗಂಟೆ ಬಾರಿಸಬೇಡಿ. ಸತತ ಮೂರು ಸಲ ತಪ್ಪಿದರೆ ಮಾತ್ರ ಎಚ್ಚರಿಕೆ ಬರಲಿ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಇಲ್ಲಿಗೂ ಅನ್ವಯಿಸುತ್ತದೆ. ಸುಳ್ಳು ಎಚ್ಚರಿಕೆ ಹೆಚ್ಚಾದರೆ ನಿಜವಾದದ್ದನ್ನೂ ಯಾರೂ ನೋಡುವುದಿಲ್ಲ. ರಿಪೇರಿ ಕೆಲಸಕ್ಕಾಗಿ ನಾವೇ ಆಫ್ ಮಾಡುವಾಗ 'ನಿರ್ವಹಣೆ ಸಮಯ' ಎಂದು ಮೊದಲೇ ಗುರುತು ಮಾಡಬಹುದು. ಶುಕ್ರವಾರ ಮಧ್ಯಾಹ್ನ ನಮಾಜಿನ ವೇಳೆ ಲ್ಯಾಬ್ ಖಾಲಿ ಇರುವುದರಿಂದ, ಅದರ ಹಿಂದೆಮುಂದಿನ ಹೊತ್ತನ್ನು ನಾವು ಇದಕ್ಕೆ ಇಟ್ಟುಕೊಂಡಿದ್ದೇವೆ.

ಮೂರನೆಯದು: ಯಾವುದು ಯಾವುದರ ಹಿಂದಿದೆ ಎಂದು ಹೇಳಿಕೊಡಿ. ಸ್ವಿಚ್ ಕೆಟ್ಟರೆ ಅದರ ಹಿಂದಿನ ಆರು ಕಂಪ್ಯೂಟರ್‌ಗಳೂ ಸತ್ತಂತೆ ಕಾಣುತ್ತವೆ. ಅವು ಸ್ವಿಚ್ಚನ್ನು ಅವಲಂಬಿಸಿವೆ ಎಂದು ಮೊದಲೇ ತಿಳಿಸಿದ್ದರೆ ಏಳು ಎಚ್ಚರಿಕೆಯ ಬದಲು ಒಂದೇ ಬರುತ್ತದೆ: ಸ್ವಿಚ್ ನೋಡಿ. ನಮ್ಮ ಸ್ವಿಚ್ ಅಗ್ಗದ್ದು, ಅದಕ್ಕೆ ಸ್ವಂತ ಐಪಿ ವಿಳಾಸವಿಲ್ಲ, ಪಿಂಗ್ ಮಾಡಲಾಗದು. ಆಗ ಆರೂ ಕಂಪ್ಯೂಟರ್‌ಗಳು ಒಟ್ಟಿಗೆ ಮಾಯವಾದವೇ ಎಂದು ನೋಡುವ ನಿಯಮ ಬರೆಯಬೇಕು. ತರಗತಿಯಲ್ಲಿ ಟೊಪಾಲಜಿ ಪಾಠ ಓದುವಾಗ ಬರೀ ಚಿತ್ರವಾಗಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು.

ದೂರು ಪುಸ್ತಕ

ಎರಡನೇ ಗೆಸ್ಟಿನಲ್ಲಿ ಹಾಕಿದ್ದು ಜಿಎಲ್‌ಪಿಐ. ಫ್ರಾನ್ಸಿನಲ್ಲಿ 2003ರಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಇದು. ಅಪಾಚೆ, ಪಿಎಚ್‌ಪಿ, ಮರಿಯಾಡಿಬಿ ಇದ್ದರೆ ನಡೆಯುತ್ತದೆ. ಕಂಪ್ಯೂಟರ್‌ಗಳ ಪಟ್ಟಿಯನ್ನೂ ದೂರುಗಳನ್ನೂ ಒಟ್ಟಿಗೆ ಇಡುತ್ತದೆ. ಆದ್ದರಿಂದ ಹಿಂದಿನ ಸಾಲಿನ ಮೂರನೇ ಕಂಪ್ಯೂಟರಿಗೆ ಈ ವರ್ಷ ಎಷ್ಟು ಸಲ ದೂರು ಬಂತು ಎಂದು ಕೂಡಲೇ ಹೇಳಬಹುದು. ಇಲ್ಲಿಯೂ ಮೊದಲೇ ನಾಲ್ಕು ಖಾತೆಗಳಿರುತ್ತವೆ. ಅವುಗಳ ಪಾಸ್‌ವರ್ಡ್ ಬದಲಿಸುವುದೇ ಮೊದಲ ಕೆಲಸ.

ಟಿಕೆಟ್ ಹಲವು ಹಂತ ದಾಟುತ್ತದೆ: ಹೊಸತು, ಕೆಲಸ ನಡೆದಿದೆ, ತಡೆಹಿಡಿದಿದೆ, ಪರಿಹಾರವಾಗಿದೆ, ಮುಗಿದಿದೆ. 'ತಡೆಹಿಡಿದಿದೆ' ಎಂದರೆ ಮರೆತಿದ್ದೇವೆ ಎಂದಲ್ಲ, ಹೊಸ ಕೇಬಲ್ ಬರುವುದನ್ನು ಕಾಯುತ್ತಿದ್ದೇವೆ ಎಂದು. 'ಪರಿಹಾರವಾಗಿದೆ' ಎಂದು ರಿಪೇರಿ ಮಾಡಿದವರು ಹೇಳುತ್ತಾರೆ. ದೂರು ಕೊಟ್ಟವರು ಒಪ್ಪಿದ ಮೇಲೆ 'ಮುಗಿದಿದೆ' ಎಂದಾಗುತ್ತದೆ. ಸರಿಯಾಗದಿದ್ದರೆ ಅವರು ಮತ್ತೆ ತೆರೆಸಬಹುದು.

ಯಾವುದು ಮೊದಲು? ಇದಕ್ಕೆ ಎರಡು ಅಳತೆ: ಎಷ್ಟು ತುರ್ತು, ಎಷ್ಟು ಜನರಿಗೆ ತೊಂದರೆ. ಎರಡನ್ನೂ ಕೂಡಿಸಿ ಜಿಎಲ್‌ಪಿಐ ಆದ್ಯತೆ ಹೇಳುತ್ತದೆ. ಒಂದು ಮೌಸ್ ಕೆಟ್ಟರೆ ನಾಳೆ ನೋಡಬಹುದು. ಸ್ಕಾಲರ್‌ಶಿಪ್ಪಿನ ಕೊನೆಯ ವಾರ ಒಂದು ಸಾಲಿಗೇ ನೆಟ್ ಇಲ್ಲದಿದ್ದರೆ ಈಗಲೇ ಎದ್ದು ಹೋಗಬೇಕು. ಯಾರು ಗಟ್ಟಿಯಾಗಿ ಕೇಳಿದರು, ಯಾರು ಪ್ರಿನ್ಸಿಪಾಲರಿಗೆ ಹೇಳಿಸಿದರು ಎಂಬುದರ ಮೇಲೆ ಇದು ನಿಲ್ಲುವುದಿಲ್ಲ. ನಾಚಿಕೆಯಿಂದ ಮಾತಾಡದ ಹುಡುಗಿಯ ದೂರಿಗೂ ಅದೇ ಸಂಖ್ಯೆ, ಅದೇ ಸಾಲು.

ಕಾವಲು ಕೊಡುವ ಎಚ್ಚರಿಕೆಯನ್ನು ನೇರವಾಗಿ ಟಿಕೆಟ್ ಮಾಡುವ ದಾರಿಯೂ ಇದೆ. ಮೊದಲ ತಿಂಗಳು ಹಾಗೆ ಮಾಡಬೇಡಿ. ಎಚ್ಚರಿಕೆಗಳು ನಂಬಿಕೆಗೆ ಬರುವಷ್ಟು ಹದವಾಗಲಿ. ಇಲ್ಲವಾದರೆ ಕರೆಂಟ್ ಹೋದ ಪ್ರತಿ ಸಲವೂ ದೂರು ಪುಸ್ತಕ ತುಂಬಿಹೋಗುತ್ತದೆ.

ಇದರ ಮಿತಿ

ಕಾವಲು ಮತ್ತು ದೂರು ಎರಡೂ ಒಂದೇ ಹೋಸ್ಟಿನಲ್ಲಿವೆ. ಆ ಕಂಪ್ಯೂಟರ್ ಆಫ್ ಆದರೆ ಎರಡೂ ಮಲಗುತ್ತವೆ. ತಾನು ಸತ್ತದ್ದನ್ನು ಕಾವಲುಗಾರ ತಾನೇ ಹೇಳಲಾರ. ಅದಕ್ಕೆ ಹೋಸ್ಟಿಗೆ ಯುಪಿಎಸ್ ಇರಲಿ. ಬೆಳಿಗ್ಗೆ ಒಬ್ಬರು ತೆರೆ ನೋಡುವ ರೂಢಿಯೂ ಇರಲಿ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಅದು ಅದೇ ಡಿಸ್ಕಿನಲ್ಲಿರುತ್ತದೆ. ಡಿಸ್ಕ್ ಹೋದರೆ ಅದೂ ಹೋಗುತ್ತದೆ. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ಮಾಡಿ.

ಇನ್ನೊಂದು ಮಾತು. ನಾವು ಕಾಯುವುದು ಯಂತ್ರಗಳನ್ನು, ಮನುಷ್ಯರನ್ನಲ್ಲ. ಯಾರು ಯಾವ ಪುಟ ನೋಡಿದರು ಎಂಬುದು ನಮ್ಮ ಪಟ್ಟಿಯಲ್ಲಿಲ್ಲ. ಇದನ್ನು ಕಲಿತ ಮೇಲೆ ಬೇರೆಯವರ ನೆಟ್‌ವರ್ಕಿನಲ್ಲಿ ಪರೀಕ್ಷಿಸಲು ಹೋಗಬೇಡಿ. ಮಾಲೀಕರ ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಅಥವಾ ನೆಟ್‌ವರ್ಕಿನೊಳಗೆ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮಿನ ಪ್ರಕಾರ ತಪ್ಪು. ದುರುದ್ದೇಶ ಇದ್ದರೆ 66ನೇ ಕಲಮಿನಂತೆ ಅಪರಾಧವೂ ಹೌದು.

ಕೊನೆಯದಾಗಿ, ತಂತ್ರಾಂಶ ಯಾವ ಪ್ಲಗ್ಗನ್ನೂ ತಾನೇ ಬಿಗಿ ಮಾಡುವುದಿಲ್ಲ. ಎದ್ದು ಹೋಗಿ ನೋಡುವವರು ನಾವೇ. ಆದರೆ ಇನ್ನು ಮುಂದೆ "ಹೇಳಿದ್ದೆ ಸರ್" ಎಂದು ಯಾರೂ ಸಂಕೋಚದಿಂದ ಹೇಳಬೇಕಾಗಿಲ್ಲ. ಟಿಕೆಟ್ ಸಂಖ್ಯೆ ಹೇಳಿ ಕೇಳಿ. ಉತ್ತರ ಕೊಡುವುದು ನನ್ನ ಜವಾಬ್ದಾರಿ. ಕಾವಲು ಮತ್ತು ದೂರು ಕಟ್ಟುವುದನ್ನು ಕಲಿಯಬೇಕೆನ್ನುವವರು, ಯಾವ ವಿಭಾಗದವರಾದರೂ ಸರಿ, ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬಿಗೆ ಬನ್ನಿ. ಆ ಚಿಕ್ಕ ಸ್ವಿಚ್ ಇನ್ನೂ ಅಲ್ಲೇ ಇದೆ. ಮೊದಲ ಪಾಠ ಅದರಿಂದಲೇ ಶುರುಮಾಡೋಣ.