ಹೊರನಾಡಿನ ಕ್ರೈಸ್ತ ಕನ್ನಡಿಗರೂ ಸತ್ಯವೇದದ ಕಥೆಗಳೂ

ಊರು ಬಿಟ್ಟು ಬಂದವರು ಹೊತ್ತು ತರುವ ಗಂಟಿನಲ್ಲಿ ಕಣ್ಣಿಗೆ ಕಾಣದ ವಸ್ತುಗಳೇ ಹೆಚ್ಚು. ಅಜ್ಜಿ ಹೇಳಿದ ಕಥೆ ಅವುಗಳಲ್ಲೊಂದು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರಿಗೆ ಅದು ಭಾರತದ ಕಥೆ, ಕೆಲವರಿಗೆ ಶರಣರ ಕಥೆ. ಮಂಗಳೂರು, ಉಡುಪಿ, ಹುಬ್ಬಳ್ಳಿ, ಧಾರವಾಡಗಳ ಕಡೆಯಿಂದ ಬಂದ ಕ್ರೈಸ್ತ ಕುಟುಂಬಗಳಿಗೆ ಅದು ಸತ್ಯವೇದದ ಕಥೆ. ಈ ಕಥೆಯನ್ನು ಮುಂದಿನ ಪೀಳಿಗೆಗೆ ಯಾವ ನುಡಿಯಲ್ಲಿ, ಯಾವ ವಿಧದಲ್ಲಿ ಮುಟ್ಟಿಸಬೇಕೆಂಬುದೇ ಇಂದು ಆ ಕುಟುಂಬಗಳನ್ನು ಕಾಡುವ ಪ್ರಶ್ನೆಯಾಗಿದೆ.

ಮನೆಯ ಹಿರಿಯರು ಕನ್ನಡ ಸತ್ಯವೇದವನ್ನು ಓದಬಲ್ಲರು. ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಕಲಿತ ಮಕ್ಕಳು ಕನ್ನಡವನ್ನು ಆಡಬಲ್ಲರೇ ಹೊರತು ಓದಲಾರರು. ಹೀಗೆ ಒಂದೇ ಮನೆಯಲ್ಲಿ ಎರಡು ಭಾಷೆಯ ಎರಡು ಗ್ರಂಥಗಳು. ಇವರದು ಅವರಿಗೆ ತಿಳಿಯದು, ಅವರದು ಇವರಿಗೆ ಒಗ್ಗದು. ದೇವಾಲಯದ ಉಪದೇಶವೊಂದೇ ಈ ಅಂತರವನ್ನು ತುಂಬಲಾರದು. ಕಥೆಗೆ ಮಾತ್ರ ಆ ಶಕ್ತಿಯಿದೆ. ಅದಕ್ಕೆ ಅಕ್ಷರಜ್ಞಾನ ಬೇಕಿಲ್ಲ. ಕೇಳುವ ಕಿವಿಯೂ ಹೇಳುವ ಬಾಯಿಯೂ ಇದ್ದರೆ ಸಾಕು.

ಸತ್ಯವೇದವು ಕನ್ನಡಕ್ಕೆ ಬಂದ ಚರಿತ್ರೆಯಲ್ಲಿಯೂ ಈ ಸತ್ಯ ಎದ್ದು ಕಾಣುತ್ತದೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಪರಿಶ್ರಮದಿಂದ 1831ರ ವೇಳೆಗೆ ಇಡೀ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಗದ್ಯದ ಅನುವಾದವೊಂದೇ ಸಾಲದೆಂದು ಬಗೆದವರಂತೆ, ಅದೇ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ಲರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ‘ಕಥಾಮಾಲೆ’ ಎಂಬ ಕನ್ನಡ ಪದ್ಯಕೃತಿಯನ್ನಾಗಿ ಹೊರತಂದರು. 1894ರಲ್ಲಿ ಪ್ರಕಟವಾದ ನಿಘಂಟಿನಿಂದ ಅವರು ಕನ್ನಡಿಗರಿಗೆಲ್ಲ ಪರಿಚಿತರು. ಆದರೆ ನಿಘಂಟುಕಾರರಾಗುವ ಮೊದಲೇ ಅವರು ಕಥೆಗಾರರಾಗಿದ್ದರೆಂಬುದನ್ನು ಬಲ್ಲವರು ವಿರಳ.

ಇದಕ್ಕೂ ಪ್ರಾಚೀನವಾದ ಉದಾಹರಣೆಯೊಂದು ಕೊಂಕಣದ ನೆಲದಲ್ಲಿಯೇ ಇದೆ. 1579ರಲ್ಲಿ ಗೋವೆಗೆ ಬಂದ ಆಂಗ್ಲ ಪಾದ್ರಿ ಥಾಮಸ್ ಸ್ಟೀಫನ್ಸ್, ಸತ್ಯವೇದದ ಕಥೆಗಳನ್ನು ಮರಾಠಿ ಓವಿಗಳಲ್ಲಿ ಹಾಡಿ ‘ಕ್ರಿಸ್ತಪುರಾಣ’ವೆಂದು ಹೆಸರಿಟ್ಟರು. 1616ರಲ್ಲಿ ರಾಯ್ತೂರಿನಲ್ಲಿ ಅಚ್ಚಾದ ಈ ಕಾವ್ಯದಲ್ಲಿ ಸುಮಾರು ಹನ್ನೊಂದು ಸಾವಿರ ಓವಿಗಳಿವೆ. ಆ ಕಾಲದ ಅಚ್ಚುಪ್ರತಿಗಳು ಕಾಲಗರ್ಭವನ್ನು ಸೇರಿದರೂ ಕೈಬರಹದ ಪ್ರತಿಗಳು ಉಳಿದುಬಂದವು. ಅವುಗಳ ಆಧಾರದಿಂದ 1907ರಲ್ಲಿ ಮಂಗಳೂರಿನಲ್ಲಿ ಅದರ ಮುದ್ರಣವಾಯಿತು. ಈ ಕಾವ್ಯದ ವಿಶೇಷವೆಂದರೆ ಪಾದ್ರಿಯು ಒಬ್ಬನೇ ಮಾತನಾಡುತ್ತ ಹೋಗುವುದಿಲ್ಲ. ಕೇಳುವವನು ಎದ್ದು ಸಂಶಯಗಳನ್ನು ಮುಂದಿಡುತ್ತಾನೆ, ಗುರುವು ಉತ್ತರಿಸುತ್ತಾನೆ. ಕೇಳುಗನ ಪ್ರಶ್ನೆಯಿಂದಲೇ ಕಥೆಯು ಮುಂದುವರಿಯುವ ಈ ಕ್ರಮವು ಭಾರತ, ಭಾಗವತಗಳನ್ನು ಬಲ್ಲವರಿಗೆ ಹೊಸತಲ್ಲ.

ಯೇಸುಸ್ವಾಮಿಯ ಬೋಧನಾಕ್ರಮವೂ ಇದೇ ಆಗಿತ್ತು. “ನನ್ನ ನೆರೆಯವನು ಯಾರು?” ಎಂದು ಕೇಳಿದ ಧರ್ಮಶಾಸ್ತ್ರಿಗೆ ಆತನು ವ್ಯಾಖ್ಯೆಯನ್ನು ಕೊಡದೆ ಒಂದು ಕಥೆಯನ್ನು ಹೇಳಿ, ಕೊನೆಯಲ್ಲಿ ಪ್ರಶ್ನೆಯನ್ನು ಅವನಿಗೇ ಮರಳಿಸಿದನು. ಉತ್ತರವನ್ನು ಕೇಳುಗನೇ ಹೇಳಬೇಕಾಯಿತು. ಹಾಗೆ ತಾನೇ ಕಂಡುಕೊಂಡ ಉತ್ತರವು ಮನಸ್ಸಿನಲ್ಲಿ ಬೇರೂರುತ್ತದೆ.

ಇಂತಹ ಅಧ್ಯಯನಕ್ಕೆ ದೊಡ್ಡ ಸಭಾಂಗಣ ಬೇಕಿಲ್ಲ. ಮುಂಬಯಿ ಮಹಾಧರ್ಮಪ್ರಾಂತ್ಯದಲ್ಲಿ 1980ರ ದಶಕದಿಂದ ಬೆಳೆದುಬಂದ ಕಿರು ಕ್ರೈಸ್ತ ಸಮುದಾಯಗಳ ಮಾದರಿಯಲ್ಲಿ ನೆರೆಯ ಹತ್ತಾರು ಮನೆಗಳವರು ಒಂದು ಮನೆಯಲ್ಲಿ ಕಲೆತರೆ ಸಾಕು. ಲೋಕಲ್ ಗಾಡಿಯಲ್ಲಿ ನಿಂತು ಪ್ರಯಾಣಮಾಡಿ ದಣಿದು ಬಂದವರಿಂದ ದೀರ್ಘ ಪ್ರವಚನವನ್ನು ಕೇಳುವುದಾಗದು. ಮುಕ್ಕಾಲು ಗಂಟೆಯಲ್ಲಿ ಒಂದೇ ಕಥೆಯನ್ನು ಎತ್ತಿಕೊಳ್ಳುವುದು ಲೇಸು. ಮೊದಲು ಹಿರಿಯರೊಬ್ಬರು ಅದನ್ನು ನಿಧಾನವಾಗಿ ಓದಬೇಕು. ಅನಂತರ ಗ್ರಂಥವನ್ನು ಮುಚ್ಚಿ, ಕಿರಿಯರೊಬ್ಬರು ಅದೇ ಕಥೆಯನ್ನು ತಮಗೆ ಬರುವ ಕನ್ನಡದಲ್ಲಿ ಹೇಳಬೇಕು. ಬಿಟ್ಟುಹೋದುದನ್ನು ಉಳಿದವರು ತುಂಬಿಕೊಡಬೇಕು. ಆಮೇಲೆ ಮೂರೇ ಪ್ರಶ್ನೆಗಳು: ಈ ಕಥೆ ದೇವರ ವಿಷಯವಾಗಿ ಏನನ್ನು ತಿಳಿಸುತ್ತದೆ? ಮನುಷ್ಯನ ವಿಷಯವಾಗಿ ಏನನ್ನು ತಿಳಿಸುತ್ತದೆ? ಈ ವಾರ ಮಾಡಬೇಕಾದುದೇನು?

ಯಾವ ಕಥೆಯಿಂದ ಆರಂಭಿಸಬೇಕೆಂಬುವರಿಗೆ ರೂತಳ ಕಥೆಯೇ ಸಾಕು. ಬರಗಾಲಕ್ಕೆ ಅಂಜಿ ಬೆತ್ಲೆಹೇಮನ್ನು ಬಿಟ್ಟು ಮೋವಾಬಿಗೆ ಹೋದ ನೊವೊಮಿಯ ಕುಟುಂಬ. ಪರದೇಶದಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಅವಳ ದುಃಖ. ಅತ್ತೆಯನ್ನು ಬಿಟ್ಟಗಲದೆ ಗುರುತಿಲ್ಲದ ಊರಿಗೆ ನಡೆದು, ಅನ್ಯರ ಹೊಲದಲ್ಲಿ ಜವೆಗೋಧಿಯ ತೆನೆಗಳನ್ನು ಹಕ್ಕಲಾಯ್ದ ಸೊಸೆ. ಹೊಟ್ಟೆಪಾಡಿಗಾಗಿ ಘಟ್ಟ ದಾಟಿ ಬಂದವರ ಮನೆಯಲ್ಲಿ ಈ ಕಥೆಗೆ ವಿವರಣೆ ಬೇಕಿಲ್ಲ. ಅದನ್ನು ಕೇಳಿದ ಅಜ್ಜಿಯು ತಾನು ಮೊದಲ ಸಲ ಈ ನಗರದಲ್ಲಿ ಇಳಿದ ದಿನವನ್ನು ನೆನೆದರೆ, ಮೊಮ್ಮಕ್ಕಳು ಅದುವರೆಗೆ ಕೇಳದ ಮನೆತನದ ಚರಿತ್ರೆಯನ್ನು ಅಂದು ಕೇಳುತ್ತಾರೆ.

ಶ್ರದ್ಧೆಯು ಮಾತಿನಲ್ಲಿಯೇ ನಿಂತರೆ ಅದು ಬೆಳೆಯಿತೆನ್ನಲಾಗದು. ದರೋಡೆಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದವನನ್ನು ಕಂಡ ಸಮಾರ್ಯದವನು ಕನಿಕರಪಟ್ಟು ಸುಮ್ಮನಾಗಲಿಲ್ಲ. ಗಾಯಗಳಿಗೆ ಎಣ್ಣೆ ಹೊಯ್ದು ಕಟ್ಟಿದನು, ತನ್ನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಒಯ್ದನು, ಎರಡು ದಿನಗಳ ಕೂಲಿಯಷ್ಟು ಹಣವನ್ನು ಛತ್ರದವನ ಕೈಗಿತ್ತನು. ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿ ಮಲಗಿದ ನೆರೆಯವರಿಗೆ ಊಟವನ್ನು ಒಯ್ದುಕೊಡುವ ಕುಟುಂಬವು ಈ ಕಥೆಯನ್ನು ಚೆನ್ನಾಗಿ ಅಧ್ಯಯನ ಮಾಡಿದೆಯೆಂದೇ ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ರೋಗ ವಾಸಿಯಾದ ಕಥೆಗಳನ್ನು ಓದಿ, ಪ್ರಾರ್ಥನೆಯಿದ್ದರೆ ಔಷಧ ಬೇಡವೆಂದು ರೋಗಿಗೆ ಉಪದೇಶಿಸುವುದು ಶ್ರದ್ಧೆಯಲ್ಲ, ಅಪಾಯ. ಮಧುಮೇಹಿಯು ಇನ್ಸುಲಿನ್ನನ್ನೂ ಕ್ಷಯರೋಗಿಯು ಗುಳಿಗೆಗಳನ್ನೂ ನಡುವೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಅರಸನಾದ ಹಿಜ್ಕೀಯನು ಪ್ರಾರ್ಥಿಸಿದ ಮೇಲೂ ಪ್ರವಾದಿ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಹಣ್ಣಿನ ಮುದ್ದೆಯನ್ನು ಕಟ್ಟಿಸಿದನು. ಸುವಾರ್ತೆಯನ್ನು ಬರೆದ ಲೂಕನನ್ನು ಪೌಲನು ವೈದ್ಯನೆಂದೇ ಕರೆದಿದ್ದಾನೆ. ಪ್ರಾರ್ಥನೆಗೂ ಚಿಕಿತ್ಸೆಗೂ ವಿರೋಧವಿಲ್ಲವೆಂಬುದಕ್ಕೆ ಗ್ರಂಥದಲ್ಲಿಯೇ ಆಧಾರವಿದೆ.

ಮನೆಗಳಲ್ಲಿ ಈ ಕಥಾಕೂಟಗಳು ನಿಂತುಹೋದರೆ ಹಿರಿಯರ ಕನ್ನಡ ಗ್ರಂಥವು ಕಪಾಟಿನಲ್ಲಿ ಪೂಜ್ಯವಾಗಿ ಉಳಿಯಬಹುದು. ತೆರೆಯುವ ಕೈಗಳು ಇರಲಾರವು. ಅಜ್ಜಿಯು ಹೇಳುವ ಕಥೆಯನ್ನು ಕೇಳಿ, ತಪ್ಪುತಪ್ಪಾದ ಕನ್ನಡದಲ್ಲಿಯಾದರೂ ಮರಳಿ ಹೇಳುವ ಮಗುವು ಶ್ರದ್ಧೆಯನ್ನೂ ನುಡಿಯನ್ನೂ ಒಟ್ಟಿಗೆ ಪಡೆಯುತ್ತದೆ. ಈ ಮಾತು ಕ್ರೈಸ್ತ ಮನೆಗಳಿಗೆ ಎಷ್ಟು ನಿಜವೋ, ಹೊರನಾಡಿನ ಪ್ರತಿಯೊಂದು ಕನ್ನಡ ಮನೆಗೂ ಅಷ್ಟೇ ನಿಜ. ಅಜ್ಜಿಯಿರುವಾಗಲೇ ಕಥೆಯನ್ನು ಕೇಳಿಕೊಳ್ಳುವುದು ವಿವೇಕ.